ಮೊದಲ ಒಂದು ವ್ಯಾಟ್

ಆಂಪ್ಲಿಫೈಯರ್ ಕೊಳ್ಳುವ ಮೊದಲು ಸಲಹೆಗಾಗಿ ಕಾಸರಗೋಡಿನ ನನ್ನ ವರ್ಕ್‌ಶಾಪಿಗೆ ಬರುವವರು ಸಾಮಾನ್ಯವಾಗಿ ಎಷ್ಟು ವ್ಯಾಟ್ ಬೇಕೆಂದು ಕೇಳುತ್ತಾರೆ. ತಾಳಮದ್ದಳೆಯ ಹಳೆಯ ಧ್ವನಿಮುದ್ರಣಗಳನ್ನೋ ಹಿಂದೂಸ್ತಾನಿ ಖಯಾಲನ್ನೋ ಮನಸ್ಸಿಟ್ಟು ಕೇಳುವವರು, ಮೆಲುಸದ್ದಿನಲ್ಲಿ ಬಳಕೆಯಾಗುವ ಮೊದಲ ಒಂದು ವ್ಯಾಟ್ ಎಷ್ಟು ಶುದ್ಧವಾಗಿದೆ ಎಂದು ಕೇಳಬೇಕು.

87 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್ ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಕೊಡುತ್ತದೆ. ಚಾವಡಿಯಲ್ಲಿ ಮೂರು ಮೀಟರ್ ಹಿಂದೆ ಕುಳಿತರೂ 80 ಡೆಸಿಬೆಲ್ ಆಸುಪಾಸು ಸಿಗುತ್ತದೆ. ಭಾಗವತರ ಪದಕ್ಕೆ ಅರ್ಧ ವ್ಯಾಟ್ ಸಾಕು. ಆದರೆ ಅದಕ್ಕಿಂತ 20 ಡೆಸಿಬೆಲ್ ಮೇಲಕ್ಕೆ ಜಿಗಿಯುವ ಚೆಂಡೆಯ ಒಂದು ಪೆಟ್ಟಿಗೆ ನೂರು ಪಟ್ಟು, ಅಂದರೆ 50 ವ್ಯಾಟ್ ಬೇಕಾಗುತ್ತದೆ. ಈ ಮೀಸಲು ಇಲ್ಲದಿದ್ದರೆ ಪೆಟ್ಟಿನ ಮೊನೆ ಕತ್ತರಿಸಿಹೋಗಿ ಚೆಂಡೆ ಡಬ್ಬದಂತೆ ಕೇಳುತ್ತದೆ. ಇನ್ನು 100 ವ್ಯಾಟ್‌ನಿಂದ 200ಕ್ಕೆ ಹೋದರೆ ದಕ್ಕುವುದು ಬರೀ 3 ಡೆಸಿಬೆಲ್. ಆ ಹಣವನ್ನು ಸ್ಪೀಕರಿಗೆ ಹಾಕಿ ಎಂದೇ ನಾನು ಹೇಳುವುದು.

ಮೊದಲ ವ್ಯಾಟ್ ಕೆಡುವ ಬಗೆಯನ್ನು ಇತ್ತೀಚಿನ ಒಂದು ರಿಪೇರಿಯಿಂದ ವಿವರಿಸಬಹುದು. ಬದಿಯಡ್ಕದ ಕಡೆಯಿಂದ ಬಂದ ಕ್ಲಾಸ್ ಎಬಿ ಆಂಪ್ಲಿಫೈಯರಿನಲ್ಲಿ ಜೋರಾಗಿ ಕೇಳಿದರೆ ತೊಂದರೆಯಿರಲಿಲ್ಲ, ಮೆಲ್ಲನೆ ಕೇಳಿದರೆ ಸ್ವರ ಒರಟಾಗುತ್ತಿತ್ತು. 1 ಕಿಲೋಹರ್ಟ್ಸ್‌ನ ಸಣ್ಣ ಸೈನ್ ಅಲೆಯನ್ನು ಕೊಟ್ಟು ಆಸಿಲೋಸ್ಕೋಪಿನಲ್ಲಿ ನೋಡಿದಾಗ, ಅಲೆ ಸೊನ್ನೆಯನ್ನು ದಾಟುವ ಜಾಗದಲ್ಲಿ ಸಣ್ಣ ಮೆಟ್ಟಿಲು ಕಾಣಿಸಿತು. ಅಲೆಯ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನರ್ಧವನ್ನು ಇನ್ನೊಂದು ಹೊರುವ ಈ ವಿನ್ಯಾಸದಲ್ಲಿ ಎರಡನ್ನೂ ಸದಾ ಸಿದ್ಧವಾಗಿಡುವ ಸ್ವಲ್ಪ ಕರೆಂಟ್ (ಬಯಾಸ್ ಕರೆಂಟ್) ಹರಿಯುತ್ತಿರಬೇಕು, ಇಲ್ಲದಿದ್ದರೆ ಒಂದರಿಂದ ಇನ್ನೊಂದಕ್ಕೆ ದಾಟುವಲ್ಲಿ ಈ ಮೆಟ್ಟಿಲು ಮೂಡುತ್ತದೆ. ಇಲ್ಲಿ ಉಪ್ಪುಗಾಳಿಗೆ, ಅದನ್ನು ಹೊಂದಿಸುವ ಸಣ್ಣ ತಿರುಗುರೆಸಿಸ್ಟರಾದ ಪ್ರಿಸೆಟ್ಟಿನ ಸಂಪರ್ಕ ಕಿಲುಬು ಹಿಡಿದು ಆ ಕರೆಂಟ್ ಬಹುತೇಕ ನಿಂತೇಹೋಗಿತ್ತು. ಮುಚ್ಚಿದ ಬಗೆಯ ಮಲ್ಟಿಟರ್ನ್ ಪ್ರಿಸೆಟ್ ಹಾಕಿ, ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಬಯಾಸ್ ಕರೆಂಟ್ ಎಷ್ಟಿದೆಯೆಂದು ತೋರಿಸುವ, ಎಮಿಟರ್ ರೆಸಿಸ್ಟರಿನ ಮೇಲಿನ ಮಿಲಿವೋಲ್ಟನ್ನು ಸರ್ವಿಸ್ ಮ್ಯಾನ್ಯುಯಲಿನಲ್ಲಿ ಹೇಳಿದ ಮಟ್ಟಕ್ಕೆ ತಂದ ಮೇಲೆ ತಂಬೂರದ ನಾದ ಮತ್ತೆ ನುಣ್ಣಗಾಯಿತು. ಇದನ್ನೇ ಹೋಲುವ ಇನ್ನೊಂದು ದೋಷವಿದೆ: ಸಣ್ಣ ಸದ್ದಿನಲ್ಲಿ ಒಂದು ಬದಿ ಮಾಯವಾಗಿ, ವಾಲ್ಯೂಮ್ ಏರಿಸಿದೊಡನೆ ಮರಳಿದರೆ ಹೆಚ್ಚಾಗಿ ಸ್ಪೀಕರ್ ರಿಲೇಯ (ಸ್ಪೀಕರನ್ನು ತಾನಾಗಿ ಜೋಡಿಸುವ ಸ್ವಿಚ್ಚಿನ) ಸಂಪರ್ಕವನ್ನೇ ಸಂಶಯಿಸಬೇಕು.

ಕರಾವಳಿಯ ಮನೆಗಳಲ್ಲಿ ಆಂಪ್ಲಿಫೈಯರನ್ನು ಗಾಜಿನ ಕಪಾಟಿನೊಳಗೆ ಮುಚ್ಚಿಡುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಒಳಗಿನ ಶಾಖ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ವಿದ್ಯುತ್ತನ್ನು ಕೂಡಿಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಮಳೆಗಾಲದಲ್ಲಿ ಆಂಪ್ಲಿಫೈಯರನ್ನು ದಿನವೂ ಸ್ವಲ್ಪ ಹೊತ್ತು ಚಾಲೂ ಇಟ್ಟರೆ ಒಳಗಿನ ತೇವ ಆರುತ್ತದೆ.

ಸಂಜೆ ವೋಲ್ಟೇಜ್ 230ರಿಂದ 180ಕ್ಕೆ ಕುಸಿಯುವ ಮನೆಯಾದರೆ, ರೆಗ್ಯುಲೇಟರಿಲ್ಲದ ಸಾಮಾನ್ಯ ಪವರ್ ಸಪ್ಲೈಯಲ್ಲಿ 50 ವ್ಯಾಟ್‌ನ ಸಾಮರ್ಥ್ಯ 30ರ ಹತ್ತಿರಕ್ಕೆ ಇಳಿಯುತ್ತದೆ, ಏಕೆಂದರೆ ವ್ಯಾಟ್ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಕುಗ್ಗುತ್ತದೆ. ಅಂಥಲ್ಲಿ ಮೋಟಾರಿನಿಂದ ವೋಲ್ಟೇಜನ್ನು ಸರಿಹೊಂದಿಸುವ, ಸಾಕಷ್ಟು ಸಾಮರ್ಥ್ಯದ ಸರ್ವೋ ಸ್ಟೆಬಿಲೈಜರ್ ಬೇಕೇ ಬೇಕು. ತುಲಾಮಳೆಯ (ಹಿಂಗಾರಿನ) ಸಿಡಿಲಿಗೆ ಸ್ಟೆಬಿಲೈಜರ್ ರಕ್ಷಣೆಯಲ್ಲ. ಗುಡುಗು ದೂರದಲ್ಲಿರುವಾಗಲೇ ಪ್ಲಗ್ ಕಳಚಿ, ಆಂಟೆನಾ ಅಥವಾ ಇಂಟರ್ನೆಟ್ ಕೇಬಲ್ ಜೋಡಿಸಿದ್ದರೆ ಅದನ್ನೂ ಬಿಡಿಸಿಡಿ.