‘ಜಾತಿ ತರಬೇಡಿ’ ಅನ್ನುವವರೂ ಜಾತಿ ನೋಡುತ್ತಾರಲ್ಲ, ಯಾಕೆ?

ಪ್ರಶ್ನೆ: ಗುರುತಿನ ರಾಜಕಾರಣ, ಅಂದರೆ ಜಾತಿ, ಲಿಂಗದಂಥ ಗುರುತಿನ ಮೇಲೆ ಒಟ್ಟಾಗಿ ಪಾಲು ಕೇಳುವುದು, ಸಮಾಜ ಒಡೆಯುತ್ತದೆ ಅಂತ ಸಂಪ್ರದಾಯವಾದಿಗಳು ಹೇಳುತ್ತಾರೆ. ಆದರೆ ಧರ್ಮ, ಮಠ, ‘ನಮ್ಮೋರು’ ಅಂತ ಅವರೂ ಮತ ಕೇಳುತ್ತಾರೆ. ಇದು ಹೇಗೆ?

ಚಿಕ್ಕಬಳ್ಳಾಪುರ, ಚಿಂತಾಮಣಿ ಕಡೆಯ ಓದುಗರು ಇದನ್ನು ಮತ್ತೆ ಮತ್ತೆ ಕೇಳುತ್ತಾರೆ. ಹೌದು, ಅವರೂ ಮಾಡುತ್ತಾರೆ. ಆದರೆ ಅವರಿಗೆ ಅದು ರಾಜಕಾರಣ ಅನ್ನಿಸುವುದಿಲ್ಲ, ಪದ್ಧತಿ ಅನ್ನಿಸುತ್ತದೆ.

ಒಮ್ಮೆ ತುಮಕೂರಿನಲ್ಲಿ ಗೆಳೆಯನ ಜೊತೆ ಬಾಡಿಗೆ ಮನೆ ನೋಡಲು ಹೋಗಿದ್ದೆ. ಮನೆ ಯಜಮಾನರು ಅಡ್ವಾನ್ಸ್ ಹೇಳಿದರು, ನೀರು ಯಾವಾಗ ಬಿಡುತ್ತಾರೆ ಅಂತಲೂ ಹೇಳಿದರು. ಕೊನೆಗೆ, ‘ನೀವು ಯಾವ ಜನ?’ ಅಂದರು. ಗೆಳೆಯ ಹೇಳಿದ. ಅವರ ಕೈಯಲ್ಲಿದ್ದ ಬೀಗದ ಕೈ ಮತ್ತೆ ಜೇಬಿಗೆ ಹೋಯಿತು. ಅವರು ಕೆಟ್ಟ ಮಾತೇನೂ ಆಡಲಿಲ್ಲ. ‘ನಮ್ಮ ಮನೇಲಿ ಮೊದಲಿಂದ ಹೀಗೇ’ ಅಂದರು, ಅಷ್ಟೇ. ನಾಳೆ ಅದೇ ಗೆಳೆಯ ತನ್ನ ಜನರ ಸಂಘ ಕಟ್ಟಿದರೆ, ‘ಎಲ್ಲದಕ್ಕೂ ಜಾತಿ ಯಾಕೆ ತರ್ತೀರಾ’ ಅನ್ನುವವರು ಇಂಥವರೇ ಅಲ್ವಾ?

‘ಗುರುತಿನ ರಾಜಕಾರಣ’ ಅನ್ನುವ ಮಾತನ್ನು 1977ರಲ್ಲಿ ಅಮೆರಿಕದ ಬಾಸ್ಟನ್‌ನ ಕಪ್ಪು ಮಹಿಳೆಯರ ಗುಂಪೊಂದು ತನ್ನ ಹೇಳಿಕೆಯಲ್ಲಿ ಬಳಸಿತು. ಸಂಪ್ರದಾಯವಾದಕ್ಕೆ ಬುನಾದಿ ಹಾಕಿದ ಎಡ್ಮಂಡ್ ಬರ್ಕ್ 1790ರಲ್ಲೇ ಬರೆದಿದ್ದ: ದೇಶದ ಮೇಲಿನ ಪ್ರೀತಿ ಹುಟ್ಟುವುದು ನಾವು ಸೇರಿದ ಪುಟ್ಟ ಗುಂಪಿನ ಮೇಲಿನ ಪ್ರೀತಿಯಿಂದ. ಅಂದರೆ ಗುಂಪಿನ ಮೇಲೆ ಇಬ್ಬರಿಗೂ ನಂಬಿಕೆ ಇದೆ. ಸಂಪ್ರದಾಯವಾದಿಗಳಿಗೆ ಇರುವ ಜಾಗ ಉಳಿಯಬೇಕು, ಗುರುತಿನ ರಾಜಕಾರಣದವರಿಗೆ ಸಿಗದ ಜಾಗ ಸಿಗಬೇಕು.

ಈ ಜಗಳ ನಮಗೆ ಹೊಸದಲ್ಲ. 1917ರಲ್ಲಿ ಮೈಸೂರು ಸಂಸ್ಥಾನದಲ್ಲಿ ಬ್ರಾಹ್ಮಣೇತರರ ಸಂಘಟನೆಯಾಗಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣರೇ ಜಾಸ್ತಿ ಇದ್ದಾರೆ, ನಮಗೂ ಪಾಲು ಬೇಕು ಅಂತ ಅದು ಕೇಳಿತು. ಈ ಬೇಡಿಕೆಯನ್ನು ಪರಿಶೀಲಿಸಲು 1918ರಲ್ಲಿ ಸರ್ಕಾರದ ಮಿಲ್ಲರ್ ಸಮಿತಿ ಬಂತು. ಆಗ ದಿವಾನರಾಗಿದ್ದವರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ. ಜಾತಿ ನೋಡಿ ಕೆಲಸ ಕೊಟ್ಟರೆ ಆಡಳಿತ ಕೆಡುತ್ತದೆ, ಅರ್ಹತೆ ನೋಡಿ ಅನ್ನುವುದು ಅವರ ನಿಲುವು. ಅದೇ ವರ್ಷ ಅವರು ಹುದ್ದೆ ಬಿಟ್ಟರು. ಅವರು ಹಳೆಯದಕ್ಕೆ ಅಂಟಿಕೊಂಡವರಲ್ಲ. ಕೈಗಾರಿಕೆ, ಶಿಕ್ಷಣ ಅಂತ ಓಡಾಡಿದವರು. ನನಗೆ ಅವರ ಮೇಲೆ ತುಂಬಾ ಗೌರವವಿದೆ. ಆದರೂ ಈ ವಿಷಯದಲ್ಲಿ ಮಂಡಳಿಯವರೇ ಸರಿ ಅನ್ನುತ್ತೇನೆ. ಓದುವ ಅವಕಾಶವೇ ಕೆಲವರಿಗೆ ಮಾತ್ರ ಸಿಕ್ಕಿದ್ದಾಗ ಅರ್ಹತೆಯೂ ಆ ಕೆಲವರ ಮನೆಯಲ್ಲೇ ಕಾಣುತ್ತದೆ.

1921ರಲ್ಲಿ ಮೀಸಲಾತಿ ಆದೇಶ ಬಂತು. ಮುಂದಿನದನ್ನೂ ಹೇಳಲೇಬೇಕು. ‘ಬ್ರಾಹ್ಮಣೇತರ’ ಅನ್ನುವ ಒಂದೇ ಹೆಸರಿನಡಿ ಎಲ್ಲರೂ ಇದ್ದರು. ಆದರೆ ಅದರಲ್ಲಿ ಹೆಚ್ಚು ಮುಂದೆ ಬಂದವರು ಒಕ್ಕಲಿಗರು, ಲಿಂಗಾಯತರು. ಸಣ್ಣಪುಟ್ಟ ಕಸುಬಿನ ಜಾತಿಗಳ ಪಾಡನ್ನು ಕರ್ನಾಟಕದ ಹಿಂದುಳಿದ ವರ್ಗಗಳ ಹಾವನೂರು ಆಯೋಗ ವಿವರವಾಗಿ ದಾಖಲಿಸಿ ವರದಿ ಕೊಟ್ಟದ್ದು 1975ರಲ್ಲಿ. ಅಷ್ಟೊತ್ತಿಗೆ, ಒಂದು ಕಾಲಕ್ಕೆ ಪಾಲು ಕೇಳಿದ್ದ ಮನೆಗಳಲ್ಲೂ ‘ಎಲ್ಲದಕ್ಕೂ ಜಾತಿ ಯಾಕೆ’ ಅನ್ನುವ ಮಾತು ಶುರುವಾಗಿತ್ತು.