ಬಸ್ಸಾರಿಗೆ ಬೆಳಕು ಹಿಡಿಯುವ ಬಗೆ

ಬೆಂಗಳೂರಿನ ಹೋಟೆಲುಗಳು, ಆಹಾರದ ಬ್ರ್ಯಾಂಡುಗಳು ಈಗ ನನ್ನಂಥ ಫೋಟೊಗ್ರಾಫರಿಗೆ ಕೆಲಸ ಕೊಡುವಾಗ ಸಸ್ಯಾಹಾರ, ಸುಸ್ಥಿರತೆ ಎಂಬ ಎರಡು ಮಾತು ತಪ್ಪದೆ ಬರುತ್ತವೆ. ಜೊತೆಗೆ ಮಾದರಿ ಚಿತ್ರಗಳು: ಗೋಣಿತಾಟಿನ ಮೇಲೆ ಮಣ್ಣಿನ ಬಟ್ಟಲು, ಅದರಲ್ಲಿ ಆವಕಾಡೊ, ಮೇಲೊಂದಿಷ್ಟು ಮೈಕ್ರೋಗ್ರೀನ್ಸ್. ನೋಡಲು ಹಸಿರಾಗಿಯೇ ಇದೆ. ಆ ಬಟ್ಟಲಿನಲ್ಲಿ ನಮ್ಮ ಸುತ್ತಲಿನ ಹೊಲದಿಂದ ಬಂದದ್ದೆಷ್ಟು, ಫೋಟೊ ತೆಗೆದ ಮೇಲೆ ಅದು ಯಾರ ಹೊಟ್ಟೆ ಸೇರಿತು ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ತಟ್ಟೆಯಲ್ಲಿರುವುದೂ ಸುಸ್ಥಿರವಾಗಿರಬೇಕು, ಅದನ್ನು ಸೆರೆಹಿಡಿಯುವ ಕೆಲಸವೂ ಹಾಗೇ ಇರಬೇಕು ಎಂಬುದು ನನ್ನ ಪಟ್ಟು.

ಮಾಂಸವಿಲ್ಲದ್ದೆಲ್ಲ ಪರಿಸರಕ್ಕೆ ಹಗುರವೇನಲ್ಲ. ಪನೀರಿಗೆ ಹಾಲು ಬೇಕು, ಹಾಲು ಕೊಡುವ ದನ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಬಿಡುತ್ತದೆ. ನೀರು ನಿಲ್ಲಿಸಿದ ಭತ್ತದ ಗದ್ದೆಯಿಂದಲೂ ಅದೇ ಅನಿಲ ಏಳುತ್ತದೆ. ಅದಕ್ಕೆ ಹೋಲಿಸಿದರೆ ಕೋಲಾರ, ತುಮಕೂರು, ರಾಮನಗರದ ಕಡೆಯ ರಾಗಿ ಹೆಚ್ಚಾಗಿ ಮಳೆಯನ್ನೇ ನಂಬಿದ ಬೆಳೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ರಾಗಿ ಫೋಟೊಗಳಿಗೆ ಬೇಡಿಕೆ ಬಂತು. ಆದರೆ ಕೇಳುವುದು ಕುಕಿ, ಪ್ಯಾನ್‌ಕೇಕು. ಮುದ್ದೆ, ಬಸ್ಸಾರು ಎಂದರೆ "ಬಣ್ಣವೇ ಇಲ್ವಲ್ಲ ಸಾರ್" ಅನ್ನುತ್ತಾರೆ.

ನನ್ನನ್ನು ಕೇಳಿದರೆ ಈ ವಿಷಯಕ್ಕೆ ಬಸ್ಸಾರಿಗಿಂತ ಒಳ್ಳೆಯ ಅಡುಗೆ ಇಲ್ಲ. ಸೊಪ್ಪು, ಕಾಳು ಒಟ್ಟಿಗೆ ಬೇಯುತ್ತವೆ. ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಬೇಯಿಸಲು ಒಂದೇ ಪಾತ್ರೆ, ಒಂದೇ ಉರಿ, ಚೆಲ್ಲುವುದು ಏನೂ ಇಲ್ಲ. ಆದ್ದರಿಂದ ಸಾರನ್ನೊಂದೇ ಚೌಕಟ್ಟಿಗೆ ತರಬೇಡಿ. ಸಾರು, ಪಲ್ಯ, ಮುದ್ದೆ ಮೂರೂ ಇದ್ದರೆ ನೋಡುವವರಿಗೆ ಕತೆ ತಾನೇ ತಿಳಿಯುತ್ತದೆ. ಹೀರೆಕಾಯಿ ಸಿಪ್ಪೆಯ ಚಟ್ನಿ, ಬಾಳೆದಿಂಡಿನ ಪಲ್ಯಕ್ಕೂ ಇದೇ ಮಾತು: ಪಕ್ಕದಲ್ಲಿ ಆ ಸಿಪ್ಪೆ, ಆ ದಿಂಡು ಕಾಣಲಿ.

ಇನ್ನು ಬಣ್ಣ. ಕ್ಯಾಮೆರಾದ ಬೆಳಕು ಅಳೆಯುವ ಮೀಟರು ಎದುರಿಗಿರುವುದನ್ನೆಲ್ಲ ಮಧ್ಯಮ ಬೂದು ಎಂದೇ ಎಣಿಸುತ್ತದೆ. ಕಪ್ಪು ಕಡಪಾ ಕಲ್ಲಿನ ಮೇಲೆ ಮುದ್ದೆ ಇಟ್ಟರೆ ಮೀಟರು ಬೆಳಕು ಹೆಚ್ಚಿಸಿಬಿಡುತ್ತದೆ, ಮುದ್ದೆ ಬೂದಿ ಬಳಿದಂತೆ ಕಾಣುತ್ತದೆ. ಎಕ್ಸ್‌ಪೋಶರನ್ನು ಅರ್ಧದಿಂದ ಒಂದು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧಕ್ಕಿಳಿಯುತ್ತದೆ). ಚೌಕಟ್ಟಿನ ತುಂಬ ಬಿಳಿ ಅನ್ನವಿದ್ದರೆ ಅಷ್ಟೇ ಏರಿಸಿ. ಬೆಳಕು ಎದುರಿನಿಂದ ಬೇಡ. ಕಿಟಕಿ ತಟ್ಟೆಯ ಹಿಂದೆ, ತುಸು ಪಕ್ಕಕ್ಕಿರಲಿ. ಆಗ ಮುದ್ದೆಯ ನುಣುಪು, ಅದರ ಮೇಲಿನ ತುಪ್ಪದ ಹೊಳಪು, ಸಾರಿನ ಹಬೆ ಮೂರೂ ಎದ್ದು ಬರುತ್ತವೆ. ಹಬೆಗೆ ಹಿನ್ನೆಲೆ ಕಡುಬಣ್ಣದ್ದೇ ಆಗಬೇಕು. ಬಾಳೆಲೆಯ ಮೈ ಜಿಗ್ಗನೆ ಹೊಳೆಯುತ್ತದೆ, ಲೆನ್ಸಿಗೆ ಪೋಲರೈಸರ್ ಎಂಬ ಫಿಲ್ಟರ್ ಹಾಕಿದರೆ ಆ ಹೊಳಪು ಇಳಿಯುತ್ತದೆ. ಎಲೆಯ ಹಸಿರು ಛಾಯೆ ಅನ್ನದ ಅಂಚಿಗೆ ಹತ್ತುವುದನ್ನೂ ನೋಡಿಕೊಳ್ಳಿ. ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆಗೆ ಈ ತೊಂದರೆ ಕಡಿಮೆ.

ಬೆಂದ ಸೊಪ್ಪು ಮಂಕಾಗುವುದು ಅಡುಗೆಯವರ ತಪ್ಪಲ್ಲ. ಬಿಸಿಗೂ ಹುಳಿಗೂ ಎಲೆಯ ಹಸಿರು ವಸ್ತುವಾದ ಕ್ಲೋರೋಫಿಲ್‌ ತನ್ನೊಳಗಿನ ಮೆಗ್ನೀಸಿಯಮ್ ಕಳೆದುಕೊಂಡು ಆಲಿವ್ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಗಿಳಿಹಸಿರು ಮಾಡುವವರನ್ನು ಕಂಡರೆ ನನಗೆ ಬೇಸರ. ಮನೆಯಲ್ಲಿ ಸೊಪ್ಪು ಬೇಯಿಸುವ ಯಾರಿಗಾದರೂ ಅದು ಸುಳ್ಳೆಂದು ತಕ್ಷಣ ಗೊತ್ತಾಗುತ್ತದೆ. ಬಣ್ಣ ಬೇಕಿದ್ದರೆ ಪಕ್ಕದಲ್ಲಿ ಒಂದು ಹಿಡಿ ಹಸಿ ದಂಟಿನ ಸೊಪ್ಪು, ಎರಡು ಒಣಮೆಣಸಿನಕಾಯಿ ಇಟ್ಟರೆ ಸಾಕು.

ನಮ್ಮ ವೃತ್ತಿಯ ಹಳೆಯ ತಂತ್ರಗಳೂ ಹೋಗಬೇಕು. ಪಾಕದ ಬದಲು ಎಂಜಿನ್ ಆಯಿಲ್, ಕೆನೆಯ ಬದಲು ಶೇವಿಂಗ್ ನೊರೆ, ತರಕಾರಿಯ ಮೇಲೆ ಗ್ಲಿಸರಿನ್ ಹನಿ. ಇವು ಬಿದ್ದ ತಟ್ಟೆ ನೇರ ಕಸಕ್ಕೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಲ್ಲಿ 2022ರಲ್ಲಿ ಜಗತ್ತು ಪೋಲು ಮಾಡಿದ ಆಹಾರ ಸುಮಾರು 105 ಕೋಟಿ ಟನ್. ಅದಕ್ಕೆ ಸುಸ್ಥಿರತೆಯ ಹೆಸರಿನಲ್ಲೇ ಇನ್ನಷ್ಟು ಸೇರಿಸುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಬೆಳಕು, ಕೋನ, ಫೋಕಸ್ ಎಲ್ಲವನ್ನೂ ಖಾಲಿ ಪಾತ್ರೆ, ಮಣ್ಣಿನ ಉಂಡೆ ಇಟ್ಟುಕೊಂಡೇ ಹೊಂದಿಸುತ್ತೇನೆ. ಅಡುಗೆ ಕೊನೆಗೆ ಬರುತ್ತದೆ, ಒಬ್ಬರು ಉಣ್ಣುವಷ್ಟು ಮಾತ್ರ, ಬಿಸಿಬಿಸಿಯಾಗಿ. ಕೆಲಸ ಮುಗಿದೊಡನೆ ಅದು ತಂಡದಲ್ಲೊಬ್ಬರ ಊಟ.

ಕಾಲದ ವಿಷಯದಲ್ಲಿ ಮಾತ್ರ ನಾನು ಗ್ರಾಹಕರ ಜೊತೆ ಜಗ್ಗಾಡುವುದುಂಟು. ಮೇ ತಿಂಗಳಲ್ಲಿ ಹಿತಕಿದ ಬೇಳೆ, ಅಂದರೆ ಸಿಪ್ಪೆ ಸುಲಿದ ಅವರೆಕಾಳಿನ, ಸಾರಿನ ಫೋಟೊ ಕೇಳುತ್ತಾರೆ. ಸೊಗಡಿನ ಅವರೆ ಬರುವುದು ಮಾಗಿಯ ಚಳಿಯಲ್ಲಿ, ವಿ.ವಿ.ಪುರಂ ಕಡೆ ಅವರೆ ಮೇಳದ ಸಡಗರವಿರುವಾಗ. ಇಡೀ ಮೆನುವನ್ನು ಒಂದೇ ವಾರದಲ್ಲಿ ಮುಗಿಸುವ ಪದ್ಧತಿ ಬಿಟ್ಟು ವರ್ಷಕ್ಕೆ ಮೂರು ಸಲ ಕರೆಯಿರಿ ಎನ್ನುತ್ತೇನೆ: ಬೇಸಿಗೆಯಲ್ಲಿ ಮಾವು, ಹಲಸು, ಮಳೆಗಾಲದಲ್ಲಿ ಸೊಪ್ಪು, ಮಾಗಿಯಲ್ಲಿ ಅವರೆ. ನನ್ನ ಬಿಲ್ಲು ತುಸು ಏರುತ್ತದೆ, ನಿಜ. ತರಕಾರಿ ಮಾತ್ರ ಆಯಾ ಕಾಲದ ಅಗ್ಗದ ದರಕ್ಕೆ ಗಾಂಧಿ ಬಜಾರಿನಲ್ಲೇ ಸಿಗುತ್ತದೆ.