ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ ಅಂದಮೇಲೂ ಆಪರೇಷನ್ ಮಾತು ಯಾಕೆ?

ಪ್ರಶ್ನೆ: ನನಗೆ 14 ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು) ಇದೆ. ಈ ಸಲ ಕೊಲೊನೋಸ್ಕೋಪಿಯಲ್ಲಿ (ಕ್ಯಾಮೆರಾ ಕೊಳವೆ, ಅಂದರೆ ಸ್ಕೋಪ್ ಹಾಕಿ ನೋಡುವ ಪರೀಕ್ಷೆ) ದೊಡ್ಡ ಕರುಳು ಒಂದು ಕಡೆ ಕಿರಿದಾಗಿದೆ ಅಂತ ಗೊತ್ತಾಯಿತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ. ಆದರೂ ಡಾಕ್ಟರ್ ಆಪರೇಷನ್ ಬೇಕಾಗಬಹುದು ಅಂತಾರೆ. ಯಾಕೆ?

ಉತ್ತರ: ಅವರು ಸುಮ್ನೆ ಹೆದರಿಸುತ್ತಿಲ್ಲ. ಈ ಕಾಯಿಲೆಯಲ್ಲಿ ಕರುಳು ಕಿರಿದಾದರೆ, ಕ್ಯಾನ್ಸರ್ ಅಲ್ಲ ಅಂತ ಖಾತ್ರಿಯಾಗುವ ತನಕ ಅನುಮಾನ ಬಿಡಬಾರದು ಎನ್ನುವುದು ವೈದ್ಯರ ಹಳೆಯ ಪಾಠ. ಹಾಗಂತ ನಿದ್ದೆ ಕೆಡಿಸಿಕೊಳ್ಳಬೇಡಿ. ಹೆಚ್ಚಿನವರಲ್ಲಿ ಕೊನೆಗೆ ಅದು ಕ್ಯಾನ್ಸರ್ ಆಗಿರುವುದಿಲ್ಲ.

ಕ್ರೋನ್ಸ್ ಅನ್ನುವ ಇನ್ನೊಂದು ಕರುಳಿನ ಕಾಯಿಲೆಯಲ್ಲಿ ಉರಿಯೂತ ಕರುಳಿನ ಗೋಡೆಯ ಆಳಕ್ಕೆ ಇಳಿಯುತ್ತದೆ. ಅದು ಮಾಯುವಾಗ ಗೋಡೆ ಗಟ್ಟಿಯಾಗಿ ಕರುಳು ಬಿಗಿಯುವುದು ಅಲ್ಲಿ ಮಾಮೂಲು. ನಮ್ಮ ದೇಶದಲ್ಲಿ ಕರುಳಿನ ಟಿಬಿಯೂ ಇದೇ ಕೆಲಸ ಮಾಡುತ್ತದೆ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಹುಣ್ಣು ಹೆಚ್ಚಾಗಿ ಒಳಪದರದಲ್ಲೇ ಉಳಿಯುತ್ತದೆ. ವರ್ಷಗಟ್ಟಲೆ ಉರಿಯೂತ ಇದ್ದರೆ ಆ ಪದರದ ತೆಳು ಸ್ನಾಯು ದಪ್ಪವಾಗಿ ದಾರಿ ಸಣ್ಣದಾಗುವುದುಂಟು, ಆದರೆ ಕ್ರೋನ್ಸ್‌ನಷ್ಟು ಸಾಮಾನ್ಯವಲ್ಲ. ಅದಕ್ಕೇ ಮೂಲ ಕಾಯಿಲೆ ಯಾವುದು ಅನ್ನುವುದನ್ನೇ ಕೆಲವೊಮ್ಮೆ ಮತ್ತೆ ನೋಡಬೇಕಾಗುತ್ತದೆ.

ಇನ್ನು ಬಯಾಪ್ಸಿ. ಅದರಲ್ಲಿ ಕೀಳುವುದು ಅಕ್ಕಿಕಾಳಿಗಿಂತ ಚಿಕ್ಕ ಚೂರು, ಅದೂ ಒಳಪದರದ್ದು. ಈ ಕಾಯಿಲೆಯಲ್ಲಿ ಬರುವ ಕ್ಯಾನ್ಸರ್ ಕೆಲವೊಮ್ಮೆ ಗಂಟಾಗಿ ಎದ್ದು ಕಾಣದೆ, ಗೋಡೆಯೊಳಗೇ ಚಪ್ಪಟೆಯಾಗಿ ಹರಡುತ್ತದೆ. ಚೂರಿನಲ್ಲಿ ಸಿಗದಿದ್ದರೆ ಗೋಡೆಯಲ್ಲೂ ಇಲ್ಲ ಅಂತ ಹೇಳಲಾಗದು. ಸ್ಕೋಪ್ ಆ ಜಾಗ ದಾಟಿ ಮುಂದೆ ಹೋಯಿತಾ? ನಾನಾದರೆ ಡಾಕ್ಟರನ್ನು ಮೊದಲು ಕೇಳುವುದು ಇದನ್ನೇ. ದಾಟದಿದ್ದರೆ ಆಚೆಯ ಕರುಳನ್ನು ಯಾರೂ ನೋಡಿಲ್ಲ, ಅಲ್ವಾ?

ಕಾಯಿಲೆಗೆ 20 ವರ್ಷ ದಾಟಿದ್ದರೆ, ಕಿರಿದಾದ ಜಾಗ ಗುದದ್ವಾರದಿಂದ ದೂರ, ಕರುಳಿನ ಮೇಲಿನ ಅಥವಾ ಬಲ ಭಾಗದಲ್ಲಿದ್ದರೆ, ಮಲ ಕಟ್ಟಿಕೊಳ್ಳುತ್ತಿದ್ದರೆ ಅನುಮಾನ ಜಾಸ್ತಿ. ಪಿತ್ತನಾಳಗಳು ಉರಿಯೂತದಿಂದ ಕಿರಿದಾಗುವ ಪಿಎಸ್‌ಸಿ ಕಾಯಿಲೆ ಜೊತೆಗಿದ್ದರೂ ಕ್ಯಾನ್ಸರ್ ಅಪಾಯ ಹೆಚ್ಚು.

ಮುಂದೇನು? ತೆಳು ಸ್ಕೋಪ್, ಸಿಟಿ ಸ್ಕ್ಯಾನ್, ಉರಿಯೂತ ಇಳಿದ ಮೇಲೆ ಇನ್ನಷ್ಟು ಬಯಾಪ್ಸಿ. ಸ್ಟೀರಾಯ್ಡ್ ಊತ ಇಳಿಸಬಲ್ಲದು, ಗಟ್ಟಿಯಾದ ಗೋಡೆಯನ್ನು ಕರಗಿಸಲಾರದು. ಬಲೂನಿನಿಂದ ಹಿಗ್ಗಿಸುವುದು ಕ್ರೋನ್ಸ್‌ನಲ್ಲಿ ರೂಢಿ. ಇಲ್ಲಿ ದಾರಿ ಬಿಟ್ಟುಕೊಂಡರೂ ಗೋಡೆಯೊಳಗಿನ ಅನುಮಾನ ಹಾಗೇ ಉಳಿಯುತ್ತದೆ. ಎಲ್ಲ ಸರಿಯಿದ್ದರೆ ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡಿಸುತ್ತಾ ಕಾಯಬಹುದು. ಸ್ಕೋಪ್ ದಾಟದೇ ಇದ್ದರೆ, ಅಥವಾ ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಸಿಕ್ಕರೆ, ಆಪರೇಷನ್ನೇ ವಾಸಿ. ಕಿರಿದಾದ ತುಂಡನ್ನಷ್ಟೇ ಅಲ್ಲ, ಸಾಮಾನ್ಯವಾಗಿ ಇಡೀ ದೊಡ್ಡ ಕರುಳನ್ನು ತೆಗೆಯುತ್ತಾರೆ.

ಅಲ್ಲಿಯವರೆಗೆ ಒಂದು ಎಚ್ಚರ. ವರ್ಷಗಟ್ಟಲೆ ಭೇದಿಯಿಂದ ಸೋತವರು ಮಲಬದ್ಧತೆ ಶುರುವಾದರೆ ಗುಣವಾಯಿತು ಅಂತ ಖುಷಿಪಡುತ್ತಾರೆ. ಅದನ್ನು ಡಾಕ್ಟರಿಗೆ ತಿಳಿಸಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗ್ಯಾಸ್ ಕೂಡ ಹೋಗದಿದ್ದರೆ ಮನೆಯಲ್ಲಿ ಭೇದಿ ಮಾಡಿಸುವ ಮಾತ್ರೆ ನುಂಗದೆ ಅಂದೇ ಆಸ್ಪತ್ರೆಗೆ ಹೋಗಿ.